ಮ್ಯಾಗ್ನೆಟೈಟ್ ನ್ಯಾನೊಕಣಗಳನ್ನು ತಯಾರಿಸಿ ಅವುಗಳ ಶಾಖವನ್ನು ಸರಿಯಾಗಿ ಅಳೆಯುವ ಕ್ರಮ

ಕಬ್ಬಿಣದ ಆಕ್ಸೈಡಿನ ನ್ಯಾನೊಕಣಗಳು ವೈದ್ಯಕೀಯಕ್ಕೆ ಹೊಸಬರಲ್ಲ. ರಕ್ತದ ಮಾದರಿಯಿಂದ ಒಂದೇ ಬಗೆಯ ಜೀವಕೋಶಗಳನ್ನು ಅಯಸ್ಕಾಂತದ ನೆರವಿನಿಂದ ಬೇರ್ಪಡಿಸುವ ವಿಧಾನ 1990ರ ಹೊತ್ತಿಗೇ ರೂಪುಗೊಂಡಿತ್ತು. ಕೋವಿಡ್ ಪರೀಕ್ಷೆಗಳ ಕಾಲದಲ್ಲಿ ಗಂಟಲಿನ ದ್ರವದಿಂದ ಆರ್‌ಎನ್‌ಎ ಹೊರತೆಗೆಯಲು ಬಹಳಷ್ಟು ಪ್ರಯೋಗಾಲಯಗಳು ಕಾಂತೀಯ ಮಣಿಗಳನ್ನೇ ನೆಚ್ಚಿಕೊಂಡಿದ್ದವು. ಫೆರುಮಾಕ್ಸಿಟಾಲ್ ಎಂಬ ಕಬ್ಬಿಣದ ಆಕ್ಸೈಡ್ ಕಣಗಳ ಚುಚ್ಚುಮದ್ದಿಗೆ, ಮೂತ್ರಪಿಂಡದ ದೀರ್ಘಕಾಲದ ಕಾಯಿಲೆ ಇರುವವರ ರಕ್ತಹೀನತೆಯ ಚಿಕಿತ್ಸೆಗಾಗಿ, ಅಮೆರಿಕದಲ್ಲಿ 2009ರಲ್ಲಿ ಅನುಮತಿ ದೊರೆಯಿತು. ಇವೆಲ್ಲಕ್ಕಿಂತ ಹಳೆಯದು ಶಾಖಚಿಕಿತ್ಸೆಯ ಕಲ್ಪನೆ. ದುಗ್ಧಗ್ರಂಥಿಯಲ್ಲಿ (ಲಿಂಫ್ ಗ್ರಂಥಿಯಲ್ಲಿ) ನೆಲೆಗೊಂಡ ಇಂತಹ ಕಣಗಳನ್ನು, ಮತ್ತೆ ಮತ್ತೆ ದಿಕ್ಕು ಬದಲಿಸುವ ಪರ್ಯಾಯ ಕಾಂತಕ್ಷೇತ್ರದಿಂದ ಬಿಸಿ ಮಾಡಿ, ಅಲ್ಲಿ ಅಡಗಿರುವ ಕ್ಯಾನ್ಸರ್ ಕೋಶಗಳನ್ನು ಕೊಲ್ಲಬಹುದೆಂಬ ವಿಚಾರವನ್ನು ಗಿಲ್‌ಕ್ರಿಸ್ಟ್ ಮತ್ತು ಅವರ ಸಂಗಡಿಗರು 1957ರಲ್ಲೇ ಪ್ರಕಟಿಸಿದ್ದರು.

ಈ ಬರಹವು ಶಾಖಚಿಕಿತ್ಸೆಯ ಕಣಗಳನ್ನು ಕುರಿತದ್ದು. ರಸಾಯನಶಾಸ್ತ್ರ, ಭೌತಶಾಸ್ತ್ರ ಅಥವಾ ಜೈವಿಕ ತಂತ್ರಜ್ಞಾನದ ಸ್ನಾತಕೋತ್ತರ ವಿದ್ಯಾರ್ಥಿಗಳು ಪ್ರಾಜೆಕ್ಟಿಗಾಗಿ ಈ ವಿಷಯವನ್ನು ಆರಿಸಿಕೊಂಡಾಗ, ಕಣಗಳನ್ನು ಹೇಗೆ ತಯಾರಿಸಬೇಕು, ಲೇಪನವನ್ನು ಹೇಗೆ ಕೊಡಬೇಕು, ಅವು ಹೊರಸೂಸುವ ಶಾಖವನ್ನು ಹೇಗೆ ಅಳೆಯಬೇಕು ಎಂಬುದನ್ನು ಕ್ರಮವಾಗಿ ಹೇಳುವುದು ಇದರ ಉದ್ದೇಶ. ಕಣಗಳ ತಯಾರಿಕೆ ಒಂದು ಮಧ್ಯಾಹ್ನದಲ್ಲಿ ಮುಗಿಯುವ ಕೆಲಸ. ಆದರೆ ಒಂದು ಗ್ರಾಂ ಕಬ್ಬಿಣವು, ಮನುಷ್ಯದೇಹ ಸಹಿಸಬಲ್ಲ ಕಾಂತಕ್ಷೇತ್ರದಲ್ಲಿ, ದೇಹದೊಳಗೆ ಇರಬಹುದಾದ ಸ್ಥಿತಿಯಲ್ಲಿಯೇ, ಎಷ್ಟು ವ್ಯಾಟ್ ಶಾಖ ಕೊಡುತ್ತದೆ ಎಂದು ನಂಬಬಹುದಾದ ರೀತಿಯಲ್ಲಿ ಹೇಳುವುದು ನಿಜವಾದ ಶ್ರಮದ ಭಾಗ. ಹಾಗಾಗಿ ಈ ಬರಹದಲ್ಲಿಯೂ ಅಳತೆಗೇ ಹೆಚ್ಚು ಜಾಗ ಸಂದಿದೆ.

ಆರಂಭದಲ್ಲಿಯೇ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಇಲ್ಲಿ ವಿವರಿಸಿರುವ ಕಣಗಳು ಪ್ರಯೋಗಾಲಯದ ಅಧ್ಯಯನಕ್ಕೆ ಮಾತ್ರ. ಅವನ್ನು ಯಾವುದೇ ಕಾರಣಕ್ಕೂ ಮನುಷ್ಯರ ದೇಹಕ್ಕೆ ಸೇರಿಸಬಾರದು. ಪ್ರಾಣಿಗಳ ಮೇಲೆ ಪ್ರಯೋಗಿಸುವುದಾದರೆ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆಯನ್ನು ಮೊದಲೇ ಪಡೆದಿರಬೇಕು.

ಗಾತ್ರದ ಗುರಿಯನ್ನು ನಿಶ್ಚಯಿಸಿಕೊಳ್ಳುವುದು

ಮ್ಯಾಗ್ನೆಟೈಟ್ ಎಂಬುದು ಕಬ್ಬಿಣದ ಮೂರು ಪರಮಾಣುಗಳಿಗೆ ಆಮ್ಲಜನಕದ ನಾಲ್ಕು ಪರಮಾಣುಗಳಿರುವ ಆಕ್ಸೈಡ್. ಆ ಮೂರರಲ್ಲಿ ಒಂದು ಫೆರಸ್ ರೂಪದಲ್ಲಿಯೂ ಎರಡು ಫೆರಿಕ್ ರೂಪದಲ್ಲಿಯೂ ಇರುತ್ತವೆ. ಕುದುರೆಮುಖದ ಬೆಟ್ಟಗಳಿಂದ 2005ರ ಕೊನೆಯವರೆಗೆ ಅಗೆದು ತೆಗೆಯುತ್ತಿದ್ದ ಅದಿರಿನಲ್ಲಿದ್ದದ್ದೂ ಇದೇ ಖನಿಜ. ಆದರೆ ಗಣಿಯ ಮ್ಯಾಗ್ನೆಟೈಟನ್ನು ಎಷ್ಟೇ ನುಣ್ಣಗೆ ಅರೆದರೂ ಅದು ವೈದ್ಯಕೀಯಕ್ಕೆ ಒದಗುವುದಿಲ್ಲ. ಕಣದ ಗಾತ್ರ ಸುಮಾರು 20ರಿಂದ 25 ನ್ಯಾನೊಮೀಟರಿಗಿಂತ ಕೆಳಗಿಳಿದಾಗ ಮಾತ್ರ ಕೊಠಡಿಯ ಉಷ್ಣತೆಯಲ್ಲಿ ಅದರ ಕಾಂತತ್ವದ ದಿಕ್ಕು ತನ್ನಷ್ಟಕ್ಕೇ ಹೊರಳಾಡುತ್ತದೆ. ಹೊರಗಿನ ಕ್ಷೇತ್ರವಿದ್ದಾಗ ಕಣ ಬಲವಾಗಿ ಪ್ರತಿಕ್ರಿಯಿಸುತ್ತದೆ, ಕ್ಷೇತ್ರವನ್ನು ತೆಗೆದೊಡನೆ ಕಾಂತತ್ವವನ್ನು ಉಳಿಸಿಕೊಳ್ಳುವುದಿಲ್ಲ. ಇದನ್ನು ಸೂಪರ್‌ಪ್ಯಾರಾಮ್ಯಾಗ್ನೆಟಿಕ್ ಗುಣ ಎನ್ನುತ್ತಾರೆ. ಈ ಗುಣವಿಲ್ಲದ ಕಣಗಳು ಕ್ಷೇತ್ರವಿಲ್ಲದಾಗಲೂ ಪರಸ್ಪರ ಸೆಳೆದುಕೊಂಡು ಗಂಟುಕಟ್ಟುತ್ತವೆ, ಮತ್ತು ರಕ್ತನಾಳದಲ್ಲಿ ಅಂತಹ ಗಂಟು ಅಪಾಯಕಾರಿ.

ಕಣ ತೀರ ಚಿಕ್ಕದಾದರೂ ಪ್ರಯೋಜನವಿಲ್ಲ. ಕಾಂತತ್ವ ಹೊರಳಲು ಬೇಕಾಗುವ ಕಾಲವು ಕಣದ ಘನಗಾತ್ರದೊಂದಿಗೆ ಘಾತೀಯವಾಗಿ ಬದಲಾಗುತ್ತದೆ. ಆದ್ದರಿಂದ 7 ನ್ಯಾನೊಮೀಟರಿನ ಕಣಕ್ಕೂ 14 ನ್ಯಾನೊಮೀಟರಿನ ಕಣಕ್ಕೂ ಶಾಖದಲ್ಲಿ ಇರುವ ಅಂತರ ಎರಡು ಪಟ್ಟಿನಷ್ಟೇ ಅಲ್ಲ, ಬಹಳ ಹೆಚ್ಚು. ಕೆಲವು ನೂರು ಕಿಲೋಹರ್ಟ್ಸ್ ಆವೃತ್ತಿಯಲ್ಲಿ ಕೆಲಸ ಮಾಡುವವರು 12ರಿಂದ 18 ನ್ಯಾನೊಮೀಟರಿನ ನಡುವಿನ ಗಾತ್ರವನ್ನು ಗುರಿಯಾಗಿಟ್ಟುಕೊಳ್ಳುವುದು ಒಳ್ಳೆಯದು. ಫೆರಸ್ ಮತ್ತು ಫೆರಿಕ್ ಲವಣಗಳ ದ್ರಾವಣಕ್ಕೆ ಕ್ಷಾರ ಸೇರಿಸಿ ಎರಡನ್ನೂ ಒಟ್ಟಿಗೆ ಕಣಗಳಾಗಿ ಬೀಳಿಸುವ ಸಹಪ್ರಕ್ಷೇಪ ವಿಧಾನದಲ್ಲಿ ಸಾಮಾನ್ಯವಾಗಿ 8ರಿಂದ 15 ನ್ಯಾನೊಮೀಟರಿನವರೆಗಿನ ಕಣಗಳು ಬೆರೆತು ದೊರೆಯುತ್ತವೆ. ಈ ಹರವು ವಿಧಾನದ ದೊಡ್ಡ ಕೊರತೆ. ಆದರೂ ವಿಷಕಾರಿ ದ್ರಾವಕಗಳಿಲ್ಲದೆ, ನೀರಿನಲ್ಲಿಯೇ, ಸಾಮಾನ್ಯ ಕಾಲೇಜಿನ ಪ್ರಯೋಗಾಲಯದಲ್ಲಿ ಮಾಡಬಹುದಾದ ವಿಧಾನ ಇದು. 1981ರಲ್ಲಿ ಫ್ರಾನ್ಸಿನ ರೆನೆ ಮಸಾರ್ ಇದರ ಆಧಾರದ ಮೇಲೆ ನೀರಿನಲ್ಲಿ ಸ್ಥಿರವಾಗಿ ನಿಲ್ಲುವ ಕಾಂತೀಯ ದ್ರವವನ್ನು ತಯಾರಿಸಿ ತೋರಿಸಿದ ಮೇಲೆ, ಅಸಂಖ್ಯ ಪ್ರಯೋಗಾಲಯಗಳು ಅದನ್ನೇ ಅನುಸರಿಸಿವೆ.

ತಯಾರಿಕೆ

ಸುಮಾರು ಒಂದು ಗ್ರಾಂ ಮ್ಯಾಗ್ನೆಟೈಟಿಗೆ ಬೇಕಾಗುವ ಪ್ರಮಾಣ ಹೀಗಿದೆ. ಆರು ನೀರಿನ ಅಣುಗಳಿರುವ ಫೆರಿಕ್ ಕ್ಲೋರೈಡ್ 2.70 ಗ್ರಾಂ, ಅಂದರೆ 10 ಮಿಲಿಮೋಲ್. ನಾಲ್ಕು ನೀರಿನ ಅಣುಗಳಿರುವ ಫೆರಸ್ ಕ್ಲೋರೈಡ್ 0.99 ಗ್ರಾಂ, ಅಂದರೆ 5 ಮಿಲಿಮೋಲ್. ಶೇಕಡ 25ರ ಅಮೋನಿಯಾ ದ್ರಾವಣ 10 ಮಿಲಿಲೀಟರ್. ಅಯಾನುರಹಿತ ನೀರು 100 ಮಿಲಿಲೀಟರ್. ಫೆರಸ್ ಮತ್ತು ಫೆರಿಕ್ ಒಂದಕ್ಕೆ ಎರಡರ ಮೋಲ್ ಅನುಪಾತದಲ್ಲಿ ಇರಬೇಕು. ಲೆಕ್ಕದ ಪ್ರಕಾರ ಇದರಿಂದ 1.16 ಗ್ರಾಂ ಮ್ಯಾಗ್ನೆಟೈಟ್ ಬರಬೇಕು. ತೊಳೆಯುವಾಗ ಸ್ವಲ್ಪ ನಷ್ಟವಾಗುವುದು ಸಹಜ.

ಫೆರಸ್ ಕ್ಲೋರೈಡಿನ ಬಾಟಲಿಯನ್ನು ತೂಕಕ್ಕೆ ಮುಂಚೆ ಗಮನಿಸಿ ನೋಡಬೇಕು. ಒಳ್ಳೆಯ ಲವಣದ ಹರಳುಗಳು ತಿಳಿಹಸಿರಾಗಿರುತ್ತವೆ. ಹರಳುಗಳ ಮೇಲೆ ಕಂದು ಅಥವಾ ಹಳದಿ ಪುಡಿ ಕಂಡರೆ ಅದರ ಒಂದು ಭಾಗ ಗಾಳಿಯ ಆಮ್ಲಜನಕದಿಂದ ಆಗಲೇ ಫೆರಿಕ್ ಆಗಿದೆ ಎಂದರ್ಥ. ತಕ್ಕಡಿ ಇದನ್ನು ತೋರಿಸುವುದಿಲ್ಲವಾದ್ದರಿಂದ ಅನುಪಾತ ತಪ್ಪಿದ್ದು ಗೊತ್ತೇ ಆಗುವುದಿಲ್ಲ. ಅಂತಹ ಬಾಟಲಿಯನ್ನು ಬಿಟ್ಟು ಹೊಸದನ್ನು ತರಿಸುವುದೇ ಸರಿಯಾದ ಕ್ರಮ.

ಫ್ಯೂಮ್ ಹುಡ್ಡಿನೊಳಗೆ ಮೂರು ಕತ್ತಿನ ಫ್ಲಾಸ್ಕಿನಲ್ಲಿ ನೀರನ್ನು ತೆಗೆದುಕೊಂಡು ಅರ್ಧ ಗಂಟೆ ಸಾರಜನಕವನ್ನು ಹಾಯಿಸಬೇಕು. ಅನಂತರ ಎರಡೂ ಲವಣಗಳನ್ನು ಕರಗಿಸಿ, ಸಾರಜನಕದ ಹರಿವನ್ನು ನಿಲ್ಲಿಸದೆ, ದ್ರಾವಣವನ್ನು 70 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಬೇಕು. ಕಲಕಲು ಕಾಂತೀಯ ಸ್ಟರರ್ ಬಳಸಕೂಡದು, ಏಕೆಂದರೆ ಕಣಗಳು ಹುಟ್ಟುತ್ತಿದ್ದಂತೆಯೇ ಸ್ಟರರಿನ ಕಡ್ಡಿಗೆ ಅಂಟಿಕೊಳ್ಳುತ್ತವೆ. ಮೇಲಿನಿಂದ ಮೋಟಾರಿನಿಂದ ತಿರುಗುವ ಗಾಜಿನ ಅಥವಾ ಟೆಫ್ಲಾನ್ ರೆಕ್ಕೆಯ ಕಲಕುವ ಸಾಧನವೇ ಬೇಕು. ದ್ರಾವಣ ಜೋರಾಗಿ ಸುಳಿಯುತ್ತಿರುವಾಗ ಅಮೋನಿಯಾವನ್ನು ಒಮ್ಮೆಗೇ, ತಡವರಿಸದೆ ಸುರಿಯಬೇಕು. ಕಿತ್ತಳೆ ಬಣ್ಣದ ದ್ರಾವಣ ಕಣ್ಣೆದುರೇ ಕಾಡಿಗೆಯಷ್ಟು ಕಪ್ಪಾಗುತ್ತದೆ. ಹನಿಹನಿಯಾಗಿ ಹಾಕಿದರೆ ಪಿಎಚ್ ನಿಧಾನವಾಗಿ ಏರುವುದರಿಂದ ಮೊದಲು ಹುಟ್ಟಿದ ಕಣಗಳು ಬೆಳೆಯುತ್ತ, ಹೊಸವು ಹುಟ್ಟುತ್ತ, ಗಾತ್ರದ ಹರವು ಇನ್ನೂ ಹಿಗ್ಗುತ್ತದೆ. ಕೊನೆಯಲ್ಲಿ ಪಿಎಚ್ 10ರ ಆಸುಪಾಸಿನಲ್ಲಿ ಇದೆಯೇ ಎಂದು ಪಟ್ಟಿಕಾಗದದಿಂದ ನೋಡಿ, ಅದೇ ಉಷ್ಣತೆಯಲ್ಲಿ ಅರ್ಧ ಗಂಟೆ ಕಲಕುತ್ತಿರಬೇಕು. ಪ್ರಕ್ಷೇಪ ಕಪ್ಪಾಗುವ ಬದಲು ಕಂದಾಗಿದ್ದರೆ, ಸಾರಜನಕ ಸಾಲದೆ ಫೆರಸ್ ಉತ್ಕರ್ಷಣಗೊಂಡಿರುವ ಸಂಭವವೇ ಹೆಚ್ಚು. ಅದನ್ನು ಮುಂದುವರಿಸದೆ ಮೊದಲಿನಿಂದ ಮಾಡಬೇಕು.

ಅಮೋನಿಯಾದ ಹೊಗೆ ಕಣ್ಣಿಗೂ ಶ್ವಾಸಕೋಶಕ್ಕೂ ಕೆಡುಕು ಮಾಡುತ್ತದೆ. ಸಾರಜನಕವು ವಾಸನೆಯಿಲ್ಲದೆ ಮುಚ್ಚಿದ ಕೋಣೆಯಲ್ಲಿ ಉಸಿರು ಕಟ್ಟಿಸಬಲ್ಲದು. ಮುಂದೆ ಬಳಸುವ ನಿಯೋಡಿಮಿಯಂ ಅಯಸ್ಕಾಂತಗಳು ಬೆರಳುಗಳನ್ನು ಜಜ್ಜುವಷ್ಟು ಬಲವುಳ್ಳವು, ಮತ್ತು ಪೇಸ್‌ಮೇಕರ್ ಅಳವಡಿಸಿಕೊಂಡವರು ಅವುಗಳ ಹತ್ತಿರಕ್ಕೆ ಬರಬಾರದು.

ತೊಳೆಯುವುದು, ಲೇಪನ ಕೊಡುವುದು

ಫ್ಲಾಸ್ಕಿನ ದ್ರವವನ್ನು ಬೀಕರಿಗೆ ಸುರಿದು, ಬೀಕರಿನ ತಳಕ್ಕೆ ಅಯಸ್ಕಾಂತವನ್ನು ತಾಗಿಸಿ ಇಟ್ಟರೆ ಕಣಗಳು ಕೆಳಗೆ ಕೂರುತ್ತವೆ. ಮೇಲಿನ ತಿಳಿಯನ್ನು ಬಗ್ಗಿಸಿ ಚೆಲ್ಲಿ, ಸಾರಜನಕ ಹಾಯಿಸಿದ ನೀರನ್ನು ಹಾಕಿ ಮತ್ತೆ ಕಲಕಬೇಕು. ಅಮೋನಿಯಂ ಕ್ಲೋರೈಡ್ ಹೋಗಿ ಪಿಎಚ್ ತಟಸ್ಥಕ್ಕೆ ಹತ್ತಿರವಾಗುವವರೆಗೆ ಇದನ್ನು ಪುನರಾವರ್ತಿಸಬೇಕು. ಕಣಗಳನ್ನು ಈ ಹಂತದಲ್ಲಿ ಒಣಗಿಸಬಾರದು. ಒಮ್ಮೆ ಒಣಗಿ ಪುಡಿಯಾದ ಲೇಪನವಿಲ್ಲದ ಕಣಗಳನ್ನು ಎಷ್ಟು ಹೊತ್ತು ಸಾನಿಕೇಟರಿನಲ್ಲಿ ಇಟ್ಟರೂ ಅವು ಬಿಡಿಬಿಡಿಯಾಗಿ ಮರಳುವುದಿಲ್ಲ.

ಹಸಿ ಕಣಗಳನ್ನು ಮತ್ತೆ 100 ಮಿಲಿಲೀಟರ್ ನೀರಿನಲ್ಲಿ ಹರಡಿ, 1 ಗ್ರಾಂ ಸಿಟ್ರಿಕ್ ಆಮ್ಲವನ್ನು 2 ಮಿಲಿಲೀಟರ್ ನೀರಿನಲ್ಲಿ ಕರಗಿಸಿ ಸೇರಿಸಿ, ಸಾರಜನಕದ ಕೆಳಗೆ 90 ಡಿಗ್ರಿಯಲ್ಲಿ ಒಂದು ಗಂಟೆ ಕಲಕಬೇಕು. ಸಿಟ್ರಿಕ್ ಆಮ್ಲದ ಕಾರ್ಬಾಕ್ಸಿಲ್ ಗುಂಪುಗಳಲ್ಲಿ ಕೆಲವು ಕಣದ ಮೇಲ್ಮೈಯ ಕಬ್ಬಿಣವನ್ನು ಹಿಡಿದುಕೊಳ್ಳುತ್ತವೆ. ಹೊರಗೆ ಉಳಿದವು ಋಣ ವಿದ್ಯುದಂಶ ಹೊತ್ತು, ಕಣಗಳು ಒಂದನ್ನೊಂದು ದೂರ ತಳ್ಳುವಂತೆ ಮಾಡುತ್ತವೆ. ತಣಿದ ಮೇಲೆ ಪಿಎಚ್ ಅನ್ನು 7ಕ್ಕೂ 7.5ಕ್ಕೂ ನಡುವೆ ತಂದು, ಮಿಕ್ಕ ಸಿಟ್ರೇಟನ್ನು ಡಯಾಲಿಸಿಸ್ ಚೀಲದಲ್ಲಿ ನೀರು ಬದಲಾಯಿಸುತ್ತ ತೆಗೆಯಬೇಕು. ಲೇಪನ ಚೆನ್ನಾಗಿ ಕೂತಿದ್ದರೆ ಅಯಸ್ಕಾಂತ ಹಿಡಿದಾಗ ಕಣಗಳು ಮೊದಲಿನಂತೆ ನೀರಿನಿಂದ ಬೇರ್ಪಡದೆ, ಇಡೀ ದ್ರವವೇ ಅಯಸ್ಕಾಂತದ ಕಡೆಗೆ ಉಬ್ಬುತ್ತದೆ. ಇದನ್ನು ಕಂಡು ಕಾಂತತ್ವ ಕಡಿಮೆಯಾಯಿತೆಂದು ಹೆದರಬೇಕಾಗಿಲ್ಲ, ಅದು ಒಳ್ಳೆಯ ಲಕ್ಷಣ. ಕೊನೆಗೆ ನಿಧಾನವಾದ ವೇಗದಲ್ಲಿ ಸೆಂಟ್ರಿಫ್ಯೂಜ್ ಮಾಡಿ, ತಳದಲ್ಲಿ ಕೂತ ದಪ್ಪ ಗಂಟುಗಳನ್ನು ಬಿಟ್ಟು ಮೇಲಿನ ದ್ರವವನ್ನಷ್ಟೇ ಉಳಿಸಿಕೊಳ್ಳಬೇಕು.

ಡೆಕ್ಸ್‌ಟ್ರಾನ್, ಪಾಲಿಎಥಿಲೀನ್ ಗ್ಲೈಕಾಲ್, ಅಮೈನೋಸಿಲೇನ್ ಮುಂತಾದ ಲೇಪನಗಳೂ ಬಳಕೆಯಲ್ಲಿವೆ. ಮೊದಲ ಬಾರಿ ಮಾಡುವವರಿಗೆ ಸಿಟ್ರೇಟ್ ಸಾಕು.

ಕಣ ಯಾವುದು, ಎಷ್ಟು ದೊಡ್ಡದು

ಎಕ್ಸ್‌ಕಿರಣ ವಿವರ್ತನೆಯಲ್ಲಿ, ತಾಮ್ರದ ಕಿರಣ ಬಳಸಿದಾಗ, 30.1, 35.5, 43.1, 57.0 ಮತ್ತು 62.6 ಡಿಗ್ರಿಗಳ ಸುತ್ತ ಶೃಂಗಗಳು ಕಾಣಬೇಕು, ಮತ್ತು 35.5ರದ್ದು ಎಲ್ಲಕ್ಕಿಂತ ಎತ್ತರವಾಗಿರಬೇಕು. ಷೆರರ್ ಸೂತ್ರದಿಂದ ಸ್ಫಟಿಕದ ಗಾತ್ರ ಸಿಗುತ್ತದೆ. ಆದರೆ ಮ್ಯಾಗ್ನೆಟೈಟ್ ಗಾಳಿಯಲ್ಲಿ ಉತ್ಕರ್ಷಣಗೊಂಡು ಆಗುವ ಮ್ಯಾಗ್ಹೆಮೈಟಿನ ಶೃಂಗಗಳೂ ಹೆಚ್ಚುಕಡಿಮೆ ಅಲ್ಲಿಯೇ ಬೀಳುತ್ತವೆ. ಹತ್ತು ನ್ಯಾನೊಮೀಟರಿನ ಕಣಗಳ ಅಗಲವಾದ ಶೃಂಗಗಳಲ್ಲಿ ಇವೆರಡನ್ನು ಬೇರ್ಪಡಿಸಿ ಹೇಳಲಾಗದು. ಮೋಸ್ಬವರ್ ರೋಹಿತದರ್ಶನ ಲಭ್ಯವಿಲ್ಲದಿದ್ದರೆ ಪ್ರಬಂಧದಲ್ಲಿ "ಮ್ಯಾಗ್ನೆಟೈಟ್ ಅಥವಾ ಮ್ಯಾಗ್ಹೆಮೈಟ್" ಎಂದು ಬರೆಯುವುದೇ ಪ್ರಾಮಾಣಿಕ. ವೈದ್ಯಕೀಯ ಬಳಕೆಗೆ ಎರಡೂ ಒಪ್ಪುವಂಥವೇ.

ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಾಣುವ 10 ನ್ಯಾನೊಮೀಟರಿನ ಕಣವು ಬೆಳಕಿನ ಚದುರಿಕೆಯ ಉಪಕರಣದಲ್ಲಿ 40 ಅಥವಾ 60 ನ್ಯಾನೊಮೀಟರ್ ಎಂದು ತೋರಿದರೆ ಅಚ್ಚರಿಯಿಲ್ಲ. ಎರಡನೆಯದು ಲೇಪನವನ್ನೂ, ಅಂಟಿಕೊಂಡ ನೀರನ್ನೂ, ಚಿಕ್ಕ ಗುಂಪುಗಳನ್ನೂ ಸೇರಿಸಿ ಅಳೆಯುತ್ತದೆ. ಎರಡೂ ಸಂಖ್ಯೆಗಳನ್ನು ಕೊಡಬೇಕು. ಕಾಂತತ್ವದ ಅಳತೆಯಲ್ಲಿ ಗಟ್ಟಿ ಮ್ಯಾಗ್ನೆಟೈಟಿನ ಸಂತೃಪ್ತ ಮೌಲ್ಯ ಗ್ರಾಂ ಒಂದಕ್ಕೆ ಸುಮಾರು 92 ಇಎಂಯು ಇರುತ್ತದೆ. ನ್ಯಾನೊಕಣಗಳಲ್ಲಿ ಮೇಲ್ಮೈಯ ಅವ್ಯವಸ್ಥೆಯಿಂದಾಗಿ ಅದು 50ರಿಂದ 70ಕ್ಕೆ ಇಳಿದಿರುತ್ತದೆ. ಅಳತೆ 92ನ್ನು ಮೀರಿದರೆ ಹೊಸದೇನೋ ಸಿಕ್ಕಿತೆಂದು ಸಂಭ್ರಮಿಸುವ ಮೊದಲು ತೂಕವನ್ನೂ ಉಪಕರಣದ ಹೊಂದಾಣಿಕೆಯನ್ನೂ ಮತ್ತೆ ನೋಡಬೇಕು.

ಕಬ್ಬಿಣದ ಪ್ರಮಾಣ

ಶಾಖದ ಫಲಿತಾಂಶಗಳು ಹಾಳಾಗುವುದು ಬಹುಪಾಲು ಈ ಹಂತದಲ್ಲಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ದ್ರವದಲ್ಲಿ ಮಿಲಿಲೀಟರಿಗೆ ಎಷ್ಟು ಮಿಲಿಗ್ರಾಂ ಕಬ್ಬಿಣವಿದೆ ಎಂಬುದನ್ನು, ಮೊದಲು ಹಾಕಿದ ಲವಣದ ತೂಕದಿಂದ ಊಹಿಸಬಾರದು. ಸ್ವಲ್ಪ ದ್ರವವನ್ನು ಒಣಗಿಸಿ ತೂಗಿದರೂ ಲೇಪನದ ಮತ್ತು ಉಳಿದ ಲವಣದ ತೂಕ ಸೇರಿಕೊಳ್ಳುತ್ತದೆ. ರಾಸಾಯನಿಕ ವಿಶ್ಲೇಷಣೆಯಿಂದಲೇ ಇದನ್ನು ತಿಳಿಯಬೇಕು.

ಲೋಹದ ಪ್ರಮಾಣವನ್ನು ಅಳೆಯುವ ಐಸಿಪಿ ಉಪಕರಣವಿಲ್ಲದ ಕಾಲೇಜಿನಲ್ಲಿ ಫೆನಾಂತ್ರೊಲಿನ್ ವಿಧಾನ ಧಾರಾಳವಾಗಿ ಸಾಕು. ಚೆನ್ನಾಗಿ ಅಲುಗಾಡಿಸಿದ ದ್ರವದಿಂದ 100 ಮೈಕ್ರೊಲೀಟರ್ ತೆಗೆದು, ಸಾಂದ್ರ ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಹಾಕಿ, ಕಪ್ಪು ಪೂರ್ತಿ ಮಾಯವಾಗಿ ಸ್ವಚ್ಛ ಹಳದಿ ದ್ರಾವಣವಾಗುವವರೆಗೆ ಬೆಚ್ಚಗಿಡಬೇಕು. ಒಂದೇ ಒಂದು ಕಪ್ಪು ಚುಕ್ಕಿ ಉಳಿದಿದ್ದರೂ ಕಾಯಬೇಕು. ಅನಂತರ ತೆಳುಗೊಳಿಸಿ, ಹೈಡ್ರಾಕ್ಸಿಲಮೀನ್ ಹೈಡ್ರೊಕ್ಲೋರೈಡಿನಿಂದ ಫೆರಿಕ್ ಅಷ್ಟನ್ನೂ ಫೆರಸ್‌ಗೆ ಇಳಿಸಿ, ಅಸಿಟೇಟ್ ಬಫರ್ ಮತ್ತು ಫೆನಾಂತ್ರೊಲಿನ್ ಸೇರಿಸಿದರೆ ಕಿತ್ತಳೆ ಮಿಶ್ರಿತ ಕೆಂಪು ಬಣ್ಣ ಬರುತ್ತದೆ. ಅದನ್ನು 510 ನ್ಯಾನೊಮೀಟರ್ ತರಂಗಾಂತರದಲ್ಲಿ ಓದಿ, ಮೋರ್ ಲವಣದಿಂದ ತಯಾರಿಸಿದ ಪ್ರಮಾಣ ದ್ರಾವಣಗಳ ಗೆರೆಯೊಂದಿಗೆ ಹೋಲಿಸಬೇಕು. ಮಿಲಿಲೀಟರಿಗೆ 5 ಮಿಲಿಗ್ರಾಂ ಕಬ್ಬಿಣವಿರುವ ದ್ರವವನ್ನು ಲೀಟರಿಗೆ 2 ಮಿಲಿಗ್ರಾಮಿಗೆ ಇಳಿಸಲು 2,500 ಪಟ್ಟು ತೆಳುಗೊಳಿಸಬೇಕಾಗುತ್ತದೆ. ಒಂದೇ ಸಲಕ್ಕೆ ಮಾಡದೆ ಐವತ್ತು ಪಟ್ಟಿನ ಎರಡು ಹಂತಗಳಲ್ಲಿ ಮಾಡಿ, ಮೂರು ಬೇರೆ ಬೇರೆ ಮಾದರಿಗಳನ್ನು ಆಮ್ಲದಲ್ಲಿ ಕರಗಿಸುವ ಹಂತದಿಂದಲೇ ಪ್ರತ್ಯೇಕವಾಗಿ ನಡೆಸಬೇಕು. ಕರಗಿಸಿದ ಒಂದೇ ದ್ರಾವಣವನ್ನು ಮೂರು ಸಲ ಓದಿದರೆ ಪಿಪೆಟ್ಟಿನ ದೋಷ ಬಯಲಾಗುವುದಿಲ್ಲ.

ಇನ್ನೊಂದು ಎಚ್ಚರಿಕೆ: ಮ್ಯಾಗ್ನೆಟೈಟಿನ ತೂಕದಲ್ಲಿ ಶೇಕಡ 72.4ರಷ್ಟು ಮಾತ್ರ ಕಬ್ಬಿಣ. ಗ್ರಾಂ ಕಬ್ಬಿಣಕ್ಕೆ 50 ವ್ಯಾಟ್ ಎಂದರೂ ಗ್ರಾಂ ಮ್ಯಾಗ್ನೆಟೈಟಿಗೆ 36 ವ್ಯಾಟ್ ಎಂದರೂ ಒಂದೇ ಸಂಗತಿ. ಯಾವುದನ್ನು ಆಧಾರವಾಗಿ ಇಟ್ಟುಕೊಂಡಿದ್ದೇವೆ ಎಂದು ಪ್ರತಿ ಕೋಷ್ಟಕದಲ್ಲಿಯೂ ಬರೆಯದಿದ್ದರೆ ಓದುವವರಿಗೆ ಹೋಲಿಕೆ ಅಸಾಧ್ಯವಾಗುತ್ತದೆ.

ಶಾಖವನ್ನು ಅಳೆಯುವುದು

ನೀರು ಹರಿಯುವ ತಾಮ್ರದ ಕೊಳವೆಯ ಸುರುಳಿ, ಅದಕ್ಕೆ 100ರಿಂದ 400 ಕಿಲೋಹರ್ಟ್ಸ್‌ನ ಪರ್ಯಾಯ ವಿದ್ಯುತ್ ಒದಗಿಸುವ ಇಂಡಕ್ಷನ್ ಯಂತ್ರ, ಸುರುಳಿಯ ನಡುವೆ ಉಷ್ಣನಿರೋಧಕ ಪದರದೊಳಗೆ ಕೂತ ಮಾದರಿ, ಮಾದರಿಯಲ್ಲಿ ಮುಳುಗಿದ ಉಷ್ಣಮಾಪಕ: ವ್ಯವಸ್ಥೆ ಇಷ್ಟೇ. ಉಷ್ಣಮಾಪಕವು ಆಪ್ಟಿಕಲ್ ಫೈಬರಿನದ್ದಾಗಿರಬೇಕು. ಲೋಹದ ಥರ್ಮೊಕಪಲ್ ಈ ಕ್ಷೇತ್ರದಲ್ಲಿ ತಾನೇ ಬಿಸಿಯಾಗುವುದಲ್ಲದೆ, ಅದರ ತಂತಿಗಳಲ್ಲಿ ಹುಟ್ಟುವ ವಿದ್ಯುತ್ತಿನಿಂದ ಓದಿಕೆಯನ್ನೂ ಕೆಡಿಸುತ್ತದೆ.

ಕ್ಷೇತ್ರದ ಬಲವನ್ನು ಯಂತ್ರದ ಮುಂಫಲಕದ ಸಂಖ್ಯೆಯಿಂದ ತಿಳಿಯಬಾರದು. ಸಣ್ಣ ತಂತಿಯ ಒಂದು ಸುತ್ತಿನ ಬಳೆಯನ್ನು ಮಾದರಿಯ ಜಾಗದಲ್ಲಿಟ್ಟು, ಅದರ ಎರಡು ತುದಿಗಳನ್ನು ಹೊಸೆದು ಆಸಿಲೋಸ್ಕೋಪಿಗೆ ಜೋಡಿಸಿದರೆ ನೇರವಾಗಿ ಅಳೆಯಬಹುದು. ಬಳೆಯ ವ್ಯಾಸ 5 ಮಿಲಿಮೀಟರ್, ಆವೃತ್ತಿ 200 ಕಿಲೋಹರ್ಟ್ಸ್, ಕ್ಷೇತ್ರ ಮೀಟರಿಗೆ 15 ಕಿಲೋ ಆಂಪಿಯರ್, ಅಂದರೆ ಸುಮಾರು 19 ಮಿಲಿಟೆಸ್ಲಾ ಇದ್ದಾಗ, ಶೃಂಗದ ವೋಲ್ಟೇಜ್ ಸುಮಾರು 0.47 ವೋಲ್ಟ್ ಬರಬೇಕು. ಸುರುಳಿಯ ಮಧ್ಯದಲ್ಲಿರುವ ಬಲ ಅಂಚಿನಲ್ಲಿ ಇರುವುದಿಲ್ಲ. ಉದ್ದನೆಯ ಸುರುಳಿಯ ಬಾಯಿಯಲ್ಲಿ ಅದು ಅರ್ಧಕ್ಕೆ ಇಳಿದಿರುತ್ತದೆ. ಆದ್ದರಿಂದ ಮಾದರಿಯ ದ್ರವ ಸುರುಳಿಯ ನಟ್ಟನಡುವೆ, ಸುರುಳಿಯ ಎತ್ತರಕ್ಕಿಂತ ಬಹಳ ಕಡಿಮೆ ಎತ್ತರದಲ್ಲಿ ನಿಂತಿರಬೇಕು.

ಮೊದಲ ಅಳತೆ ಕಣಗಳದ್ದಲ್ಲ, ಬರಿಯ ನೀರಿನದ್ದು. ಅಷ್ಟೇ ಗಾತ್ರದ ನೀರನ್ನು ಅದೇ ನಳಿಗೆಯಲ್ಲಿ, ಅಷ್ಟೇ ಹೊತ್ತು ಕ್ಷೇತ್ರದಲ್ಲಿಟ್ಟು ಉಷ್ಣತೆ ಎಷ್ಟು ಏರುತ್ತದೆ ನೋಡಬೇಕು. ತಾಮ್ರದ ಸುರುಳಿ ತಾನೇ ಕಾಯುತ್ತದೆ, ಮತ್ತು ಅದರ ಶಾಖ ಮಾದರಿಗೆ ಹರಿಯುತ್ತದೆ. ನೀರಿನ ಏರಿಕೆಯನ್ನು ಕಳೆಯದೆ ಕೊಟ್ಟ ಫಲಿತಾಂಶದಲ್ಲಿ ಕಣದ ಶಾಖವೆಷ್ಟು, ಸುರುಳಿಯ ಶಾಖವೆಷ್ಟು ಎಂದು ಯಾರೂ ಹೇಳಲಾರರು.

ಅನಂತರ ಮಾದರಿಯನ್ನಿಟ್ಟು, ಕ್ಷೇತ್ರ ಹಾಕುವ ಮೊದಲು ಎರಡು ನಿಮಿಷ ಉಷ್ಣತೆಯನ್ನು ದಾಖಲಿಸಬೇಕು. ಗೆರೆ ಸಮವಾಗಿಲ್ಲದಿದ್ದರೆ, ಅದು ಸಮವಾಗುವವರೆಗೆ ಕಾಯಬೇಕು. ಕ್ಷೇತ್ರ ಹಾಕಿದ ಮೇಲೆ ಮೊದಲ ಕೆಲವು ಸೆಕೆಂಡುಗಳನ್ನು ಉಷ್ಣಮಾಪಕದ ನಿಧಾನಕ್ಕೆ ಬಿಟ್ಟು, ಮುಂದಿನ ಸುಮಾರು ಅರ್ಧ ನಿಮಿಷದ ಏರಿಕೆಯ ದರವನ್ನು ತೆಗೆದುಕೊಳ್ಳಬೇಕು. ಹತ್ತು ನಿಮಿಷದ ಕೊನೆಯಲ್ಲಿ ತಲುಪಿದ ಉಷ್ಣತೆಯನ್ನು ಹೇಳಿ ಕಣ ಒಳ್ಳೆಯದೆಂದು ಸಾಧಿಸುವ ಲೇಖನಗಳು ಬೇಕಾದಷ್ಟಿವೆ. ಆ ಉಷ್ಣತೆ ಕಣದ ಗುಣಕ್ಕಿಂತ ಹೆಚ್ಚಾಗಿ ನಳಿಗೆಯ ಸುತ್ತಲಿನ ನಿರೋಧಕದ ಗುಣವನ್ನು ಹೇಳುತ್ತದೆ.

ಲೆಕ್ಕ ಸರಳ. ದ್ರವದ ವಿಶಿಷ್ಟೋಷ್ಣವನ್ನು ದ್ರವದ ತೂಕದಿಂದಲೂ ಸೆಕೆಂಡಿಗೆ ಏರುವ ಉಷ್ಣತೆಯಿಂದಲೂ ಗುಣಿಸಿ, ಕಬ್ಬಿಣದ ತೂಕದಿಂದ ಭಾಗಿಸಿದರೆ ಒಂದು ಗ್ರಾಂ ಕಬ್ಬಿಣ ಕೊಡುವ ಶಾಖದ ದರ, ಅಂದರೆ ಎಸ್‌ಎಆರ್ ದೊರೆಯುತ್ತದೆ. ಒಂದು ಮಿಲಿಲೀಟರಿನಲ್ಲಿ 5 ಮಿಲಿಗ್ರಾಂ ಕಬ್ಬಿಣವಿದ್ದು, ನೀರಿನ ಏರಿಕೆಯನ್ನು ಕಳೆದ ಮೇಲೆ ಸೆಕೆಂಡಿಗೆ 0.06 ಡಿಗ್ರಿಯ ಏರಿಕೆ ಇದ್ದರೆ, 4.18ನ್ನು 0.06ರಿಂದ ಗುಣಿಸಿ 0.005ರಿಂದ ಭಾಗಿಸಿದಾಗ ಗ್ರಾಂ ಕಬ್ಬಿಣಕ್ಕೆ ಸುಮಾರು 50 ವ್ಯಾಟ್ ಬರುತ್ತದೆ. ನಳಿಗೆ ದಪ್ಪ ಗಾಜಿನದ್ದಾದರೆ ಅದೂ ಶಾಖವನ್ನು ಹೀರುತ್ತದೆ. ಒಂದು ಗ್ರಾಂ ಗಾಜಿಗೆ ಡಿಗ್ರಿಯೊಂದಕ್ಕೆ ಸುಮಾರು 0.8 ಜೂಲ್ ಬೇಕಾಗುವುದರಿಂದ, ಒಂದು ಮಿಲಿಲೀಟರಿನ ಮಾದರಿಯಲ್ಲಿ ಇದು ಕಡೆಗಣಿಸುವಷ್ಟು ಚಿಕ್ಕದಲ್ಲ. ತೆಳುವಾದ ಪ್ಲಾಸ್ಟಿಕ್ ನಳಿಗೆ ಇದಕ್ಕಿಂತ ಮೇಲು.

ಇದೇ ಅಳತೆಯನ್ನು ಮಿಲಿಲೀಟರಿಗೆ 1, 2, 5, 10 ಮಿಲಿಗ್ರಾಂ ಸಾಂದ್ರತೆಗಳಲ್ಲಿ ಮಾಡಬೇಕು. ಕಣಗಳು ಬಿಡಿಯಾಗಿದ್ದರೆ ಗ್ರಾಮಿಗೆ ಬರುವ ಶಾಖ ಹೆಚ್ಚುಕಡಿಮೆ ಒಂದೇ ಇರುತ್ತದೆ. ಸಾಂದ್ರತೆಯೊಂದಿಗೆ ಅದು ಬದಲಾಗುತ್ತ ಹೋದರೆ ಕಣಗಳು ಪರಸ್ಪರ ಪ್ರಭಾವ ಬೀರುತ್ತಿವೆ ಅಥವಾ ಗಂಟುಕಟ್ಟಿವೆ. ಅಳತೆ ಮುಗಿದ ಮೇಲೆ ನಳಿಗೆಯ ತಳದಲ್ಲಿ ಕಪ್ಪು ಕೂತಿದ್ದರೆ ಆ ಅಳತೆಯನ್ನು ಕೈಬಿಡಬೇಕು.

ದೇಹ ಸಹಿಸುವ ಕ್ಷೇತ್ರ

ಯಂತ್ರದ ಬಲವನ್ನು ಏರಿಸಿದರೆ ಎಸ್‌ಎಆರ್ ಏರುತ್ತದೆ. ಆದ್ದರಿಂದ ಕ್ಷೇತ್ರದ ಬಲವನ್ನೂ ಆವೃತ್ತಿಯನ್ನೂ ಹೇಳದ ಎಸ್‌ಎಆರ್ ಸಂಖ್ಯೆಗೆ ಅರ್ಥವಿಲ್ಲ. ಬೇರೆ ಬೇರೆ ಯಂತ್ರಗಳ ಫಲಿತಾಂಶಗಳನ್ನು ಹೋಲಿಸಲು ಐಎಲ್‌ಪಿ ಎಂಬ ಅಳತೆಯಿದೆ. ಎಸ್‌ಎಆರನ್ನು ಕಿಲೋಗ್ರಾಮಿಗೆ ವ್ಯಾಟ್‌ಗಳಲ್ಲಿ ಬರೆದು, ಮೀಟರಿಗೆ ಕಿಲೋ ಆಂಪಿಯರ್‌ಗಳಲ್ಲಿರುವ ಕ್ಷೇತ್ರದ ವರ್ಗದಿಂದಲೂ ಕಿಲೋಹರ್ಟ್ಸ್‌ನಲ್ಲಿರುವ ಆವೃತ್ತಿಯಿಂದಲೂ ಭಾಗಿಸಿದರೆ ಅದು ಸಿಗುತ್ತದೆ. ಮೇಲಿನ ಉದಾಹರಣೆಯಲ್ಲಿ 50,000ವನ್ನು 225ರಿಂದಲೂ 200ರಿಂದಲೂ ಭಾಗಿಸಿದರೆ ಸುಮಾರು 1.1 ಬರುತ್ತದೆ. ಮಾರುಕಟ್ಟೆಯಲ್ಲಿ ಸಿಗುವ ಉತ್ತಮ ಕಾಂತೀಯ ದ್ರವಗಳಲ್ಲಿ ಇದು 3ರ ಆಸುಪಾಸಿನಲ್ಲಿರುತ್ತದೆ. ಸಹಪ್ರಕ್ಷೇಪದ ಮೊದಲ ಪ್ರಯತ್ನಕ್ಕೆ 1 ಎಂಬುದು ಗೌರವದ ಫಲಿತಾಂಶವೇ.

ಕಣಗಳಿಲ್ಲದ ಅಂಗಾಂಶವೂ ಈ ಕ್ಷೇತ್ರದಲ್ಲಿ ಬಿಸಿಯಾಗುತ್ತದೆ, ಏಕೆಂದರೆ ಉಪ್ಪುನೀರಿನಿಂದ ತುಂಬಿದ ದೇಹದಲ್ಲಿ ಸುಳಿ ವಿದ್ಯುತ್ ಹುಟ್ಟುತ್ತದೆ. ಆ ಶಾಖವು ಕ್ಷೇತ್ರದ ಬಲ, ಆವೃತ್ತಿ ಮತ್ತು ದೇಹಭಾಗದ ತ್ರಿಜ್ಯ ಈ ಮೂರರ ಗುಣಲಬ್ಧದ ವರ್ಗದಂತೆ ಏರುತ್ತದೆ. 1984ರಲ್ಲಿ ಅಟ್ಕಿನ್‌ಸನ್, ಬ್ರೆಝೊವಿಚ್ ಮತ್ತು ಸಂಗಡಿಗರು ಸುಮಾರು 30 ಸೆಂಟಿಮೀಟರ್ ವ್ಯಾಸದ ಸುರುಳಿಯಲ್ಲಿ ಸ್ವಯಂಸೇವಕರು ಒಂದು ಗಂಟೆಯ ಮೇಲೆ ಸಹಿಸಬಲ್ಲ ಮಿತಿಯನ್ನು ಕಂಡುಕೊಂಡರು: ಮೀಟರಿಗೆ ಆಂಪಿಯರ್‌ಗಳಲ್ಲಿರುವ ಕ್ಷೇತ್ರವನ್ನು ಹರ್ಟ್ಸ್‌ನಲ್ಲಿರುವ ಆವೃತ್ತಿಯಿಂದ ಗುಣಿಸಿದಾಗ 48.5 ಕೋಟಿಯನ್ನು ಮೀರಬಾರದು. ದೇಹದ ಸಣ್ಣ ಭಾಗಕ್ಕಷ್ಟೇ ಕ್ಷೇತ್ರ ಸೋಕುವಾಗ 500 ಕೋಟಿಯವರೆಗೆ ಹೋಗಬಹುದೆಂದು ಹೆರ್ಗ್ಟ್ ಮತ್ತು ಡುಟ್ಸ್ ಅನಂತರ ಸೂಚಿಸಿದರು. ನಮ್ಮ ಉದಾಹರಣೆಯ ಗುಣಲಬ್ಧ 300 ಕೋಟಿ. ಮೊದಲ ಮಿತಿಯನ್ನು ಅದು ಆರು ಪಟ್ಟು ಮೀರುತ್ತದೆ, ಎರಡನೆಯದರೊಳಗೆ ಇರುತ್ತದೆ. ನಿಮ್ಮ ಯಂತ್ರದ ಸಂಖ್ಯೆ ಎಲ್ಲಿ ಬೀಳುತ್ತದೆ ಎಂದು ಲೆಕ್ಕ ಹಾಕಿ ಪ್ರಬಂಧದಲ್ಲಿ ಮುಚ್ಚುಮರೆಯಿಲ್ಲದೆ ಬರೆಯಬೇಕು.

ಜೆಲ್ಲಿನಲ್ಲಿ, ಸೀರಮ್ಮಿನಲ್ಲಿ, ಕೋಶಗಳ ನಡುವೆ

ನೀರಿನಲ್ಲಿ ಕಣಗಳು ಎರಡು ಬಗೆಯಲ್ಲಿ ಶಾಖ ಕೊಡುತ್ತವೆ: ಕಣದೊಳಗಿನ ಕಾಂತತ್ವ ಹೊರಳುವುದರಿಂದ ಮತ್ತು ಇಡೀ ಕಣವೇ ದ್ರವದಲ್ಲಿ ತಿರುಗುವುದರಿಂದ. ಗಡ್ಡೆಯೊಳಗೆ ಸೇರಿ ಕೋಶಗಳಿಗೆ ಅಂಟಿಕೊಂಡ ಕಣ ತಿರುಗಲಾರದು. ಆದ್ದರಿಂದ ಕಣಗಳನ್ನು ಶೇಕಡ 1ರಿಂದ 2ರ ಅಗರೋಸ್ ಜೆಲ್ಲಿನಲ್ಲಿ ಹೆಪ್ಪುಗಟ್ಟಿಸಿ ಅದೇ ಅಳತೆಯನ್ನು ಮತ್ತೆ ಮಾಡಬೇಕು. ನೀರಿನಲ್ಲಿ ಬಂದ ಶಾಖ ಇಲ್ಲಿ ಅರ್ಧಕ್ಕೆ ಕುಸಿದರೆ ಆ ಕುಸಿತವೇ ಮುಖ್ಯ ಫಲಿತಾಂಶ. ನನಗೆ ತೋರುವಂತೆ ಇಡೀ ಪ್ರಾಜೆಕ್ಟಿನಲ್ಲಿ ಒಂದೇ ಒಂದು ಹೆಚ್ಚುವರಿ ಪ್ರಯೋಗಕ್ಕೆ ಸಮಯವಿದ್ದರೆ ಅದು ಇದಾಗಿರಬೇಕು. ಜೊತೆಗೆ ಕಣಗಳನ್ನು ಲವಣದ್ರಾವಣದಲ್ಲಿಯೂ, ಶೇಕಡ 10ರ ಸೀರಮ್ ಇರುವ ಕೋಶಪೋಷಕ ಮಾಧ್ಯಮದಲ್ಲಿಯೂ 37 ಡಿಗ್ರಿಯಲ್ಲಿ ಒಂದು ದಿನ ಇಟ್ಟು ಗಾತ್ರವನ್ನು ಪುನಃ ಅಳೆಯಬೇಕು. ಶುದ್ಧ ನೀರಿನಲ್ಲಿ ತಿಂಗಳುಗಟ್ಟಲೆ ನಿಲ್ಲುವ ಸಿಟ್ರೇಟ್ ಕಣಗಳು ಉಪ್ಪಿನಂಶ ಕಂಡೊಡನೆ ಕೂರುವುದುಂಟು.

ಬದುಕಿರುವ ಕೋಶಗಳೆಷ್ಟು ಎಂದು ಬಣ್ಣದಿಂದ ಅಂದಾಜಿಸುವ ಎಂಟಿಟಿ ಪರೀಕ್ಷೆಯಲ್ಲಿ ಕಣಗಳ ಕಂದು ಬಣ್ಣವೇ ಬೆಳಕನ್ನು ಹೀರಿ, ಸತ್ತ ಕೋಶಗಳನ್ನೂ ಬದುಕಿರುವಂತೆ ತೋರಿಸಬಲ್ಲದು. ಕೋಶಗಳಿಲ್ಲದೆ ಕಣಗಳಷ್ಟೇ ಇರುವ ಕುಳಿಗಳನ್ನು ತಟ್ಟೆಯಲ್ಲಿ ತಪ್ಪದೆ ಇಡಬೇಕು. ಓದುವ ಮೊದಲು ಕಣಗಳನ್ನು ಅಯಸ್ಕಾಂತದಿಂದ ತಳಕ್ಕೆಳೆದು, ಮೇಲಿನ ದ್ರವವನ್ನು ಬೇರೆ ತಟ್ಟೆಗೆ ವರ್ಗಾಯಿಸಿದರೆ ಇನ್ನೂ ಒಳ್ಳೆಯದು. ಐಎಸ್‌ಒ 10993-5 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಬದುಕುಳಿದ ಕೋಶಗಳು ಶೇಕಡ 70ಕ್ಕಿಂತ ಕಡಿಮೆಯಾದರೆ ಆ ವಸ್ತುವನ್ನು ಕೋಶಗಳಿಗೆ ವಿಷಕಾರಿ ಎಂದು ಪರಿಗಣಿಸಲಾಗುತ್ತದೆ.

ರೋಗಿಯ ಹಾಸಿಗೆಯವರೆಗಿನ ದೂರ

ಇಷ್ಟು ಮಾಡಿದವರಿಗೆ, ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಇರುವ ಪರಿಚಿತರು ಈ ಚಿಕಿತ್ಸೆಯ ಬಗ್ಗೆ ಕೇಳುವ ಸಂದರ್ಭ ಬರುತ್ತದೆ. ಉತ್ತರ ಕರುಣೆಯಿಂದಲೂ ನಿಖರತೆಯಿಂದಲೂ ಕೂಡಿರಬೇಕು. ಜರ್ಮನಿಯಲ್ಲಿ ಅಭಿವೃದ್ಧಿಯಾದ, ಅಮೈನೋಸಿಲೇನ್ ಲೇಪನದ ಕಣಗಳ ಚಿಕಿತ್ಸೆಗೆ ಮೆದುಳಿನ ಗಡ್ಡೆಗಳಿಗಾಗಿ ಯುರೋಪಿನಲ್ಲಿ 2010ರಲ್ಲಿ ಅನುಮತಿ ದೊರೆಯಿತು. ಮರುಕಳಿಸಿದ ಗ್ಲಿಯೊಬ್ಲಾಸ್ಟೊಮಾ ಎಂಬ ಮೆದುಳಿನ ಕ್ಯಾನ್ಸರ್ ಇದ್ದ 59 ಮಂದಿಯ ಅಧ್ಯಯನವು 2011ರಲ್ಲಿ ಪ್ರಕಟವಾಯಿತು. ಮೊದಲ ಮರುಕಳಿಕೆಯಿಂದ ಲೆಕ್ಕ ಹಾಕಿದ ಮಧ್ಯಂಕ ಆಯುಸ್ಸು ಅದರಲ್ಲಿ 13.4 ತಿಂಗಳಾಗಿತ್ತು. ಆದರೆ ಅವರೆಲ್ಲರಿಗೂ ವಿಕಿರಣ ಚಿಕಿತ್ಸೆಯನ್ನೂ ಕೊಡಲಾಗಿತ್ತು, ಹೋಲಿಕೆಗೆ ಯಾದೃಚ್ಛಿಕವಾಗಿ ಆರಿಸಿದ ಇನ್ನೊಂದು ಗುಂಪು ಇರಲಿಲ್ಲ. ಅಲ್ಲಿ ಗಡ್ಡೆಗೆ ನೇರವಾಗಿ ಚುಚ್ಚಿದ ದ್ರವದಲ್ಲಿ ಮಿಲಿಲೀಟರಿಗೆ 112 ಮಿಲಿಗ್ರಾಂ ಕಬ್ಬಿಣವಿತ್ತು, ಅಂದರೆ ನಮ್ಮ ನಳಿಗೆಯಲ್ಲಿರುವುದಕ್ಕಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು. ಹರಿಯುವ ರಕ್ತ ಶಾಖವನ್ನು ಹೊತ್ತೊಯ್ಯುವುದರಿಂದ ಅಷ್ಟು ಬೇಕಾಗುತ್ತದೆ. ಹೀಗಾಗಿ ಇದನ್ನು ಕೇಳುವವರಿಗೆ, ನಡೆಯುತ್ತಿರುವ ಚಿಕಿತ್ಸೆಯನ್ನು ಬಿಡದೆ ತಮ್ಮ ಕ್ಯಾನ್ಸರ್ ತಜ್ಞರೊಂದಿಗೇ ಮಾತನಾಡಬೇಕೆಂದು ಹೇಳುವುದು ನಮ್ಮ ಕರ್ತವ್ಯ. ಭಾರತದಲ್ಲಿ ನ್ಯಾನೊ ಔಷಧಗಳ ಮೌಲ್ಯಮಾಪನಕ್ಕೆ 2019ರಲ್ಲಿ ಕೇಂದ್ರ ಜೈವಿಕ ತಂತ್ರಜ್ಞಾನ ಇಲಾಖೆ ಮಾರ್ಗಸೂಚಿ ಹೊರಡಿಸಿದೆ. ಸಂಶೋಧನೆಯನ್ನು ಮುಂದುವರಿಸುವ ಮನಸ್ಸಿರುವವರು ಅದನ್ನು ಪ್ರಾಜೆಕ್ಟಿನ ಆರಂಭದಲ್ಲಿಯೇ ಓದಿಕೊಳ್ಳಬೇಕು.

ಉಳಿದ ಕಣಗಳ ದ್ರವವನ್ನು ಸಾರಜನಕ ತುಂಬಿದ ಗಾಜಿನ ಸೀಸೆಯಲ್ಲಿ, 4 ಡಿಗ್ರಿಯಲ್ಲಿ, ಹೆಪ್ಪುಗಟ್ಟಲು ಬಿಡದೆ ಇಡಬೇಕು. ತಯಾರಿಸಿದ ದಿನಾಂಕ, ಕಬ್ಬಿಣದ ಪ್ರಮಾಣ ಮತ್ತು ಲೇಪನದ ಹೆಸರನ್ನು ಸೀಸೆಯ ಮೇಲೆ ಬರೆದಿರಬೇಕು. ಬೇಡವಾದುದನ್ನು ಸಿಂಕಿಗೆ ಚೆಲ್ಲದೆ, ಅಯಸ್ಕಾಂತದಿಂದಲೋ ಅಸಿಟೋನಿನಿಂದಲೋ ಕಣಗಳನ್ನು ಕೂರಿಸಿ, ಲೋಹ ತ್ಯಾಜ್ಯದ ಡಬ್ಬಿಗೆ ಹಾಕಬೇಕು. ಅಸಿಟೋನ್ ಬಳಸಿದ್ದರೆ ಮೇಲಿನ ದ್ರವವು ಸಾವಯವ ದ್ರಾವಕಗಳ ತ್ಯಾಜ್ಯಕ್ಕೆ ಹೋಗಬೇಕು.